ವಿಡಿಯೊದಲ್ಲಿ ಡಾಕ್ಟರು ಸಿಗುತ್ತಾರೆ, ಕರೆ ಕೂಡಿಸಿಕೊಡುವವರು ಬೇಕು: ದೇಣಿಗೆ ಮನವಿ

ಮಾನ್ಯರೇ,

ಮನೆಯಿಂದಲೇ ವಿಡಿಯೊ ಕರೆಯಲ್ಲಿ ಡಾಕ್ಟರ ಸಲಹೆ ಪಡೆಯುವ ಸರ್ಕಾರದ ಇ-ಸಂಜೀವನಿ ಒಪಿಡಿ ಸೇವೆ 2020ರ ಏಪ್ರಿಲ್‌ನಲ್ಲಿ ಶುರುವಾಯಿತು. ಕಾಸು ಕೊಡಬೇಕಿಲ್ಲ. ಮೊಬೈಲ್ ನಂಬರು ಕೊಟ್ಟು, ಓಟಿಪಿ ಹಾಕಿ, ಟೋಕನ್ ಪಡೆದು ಸರದಿ ಕಾದರೆ ಡಾಕ್ಟರು ಸಿಗುತ್ತಾರೆ. ಆದರೂ ನಮ್ಮ ಮಲೆನಾಡಿನ ಹಳ್ಳಿಗಳ ಹಿರಿಯರು ಬಿಪಿ ಮಾತ್ರೆ ಮುಂದುವರಿಸಬೇಕೇ ಎಂದು ಕೇಳುವುದಕ್ಕೂ ಬಸ್ಸು ಹತ್ತುತ್ತಾರೆ.

ಕರೆ ಕೆಡುವುದು ಸಣ್ಣ ಕಾರಣಗಳಿಗೆ. ಓಟಿಪಿ ಬೆಂಗಳೂರಿನಲ್ಲಿರುವ ಮಗನ ಫೋನಿಗೆ ಹೋಗುತ್ತದೆ. ಮೈಕ್ ಬಳಸಲೇ ಎಂದು ಬ್ರೌಸರ್ ಕೇಳಿದಾಗ ಗಾಬರಿಯಿಂದ ‘ಬ್ಲಾಕ್’ ಒತ್ತಿದರೆ ಅದು ಮತ್ತೆ ಕೇಳುವುದಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ನಾವೇ ತೆರೆಯಬೇಕು. ವಿಡಿಯೊ ನೋಡಲು ಸಾಲುವ ನೆಟ್‌ವರ್ಕ್ ನಮ್ಮ ಮುಖ ಕಳಿಸಲು ಸಾಲದು, ಏಕೆಂದರೆ ಅಪ್‌ಲೋಡ್ ವೇಗ ಕಡಿಮೆ. ಕಿಟಕಿಗೆ ಬೆನ್ನು ಹಾಕಿ ಕೂತರೆ ಮುಖ ಕಪ್ಪಾಗಿ, ಕಣ್ಣು ಹಳದಿಯಾಗಿದೆಯೇ ಎಂದು ಡಾಕ್ಟರಿಗೆ ತಿಳಿಯದು. ಮಳೆಗಾಲದಲ್ಲಂತೂ ಕರೆಂಟು ಹೋಗಿ ರೂಟರೇ ಆರಿಹೋಗುತ್ತದೆ.

ಇದಕ್ಕಾಗಿ ದೇವಸ್ಥಾನದ ಪಕ್ಕದ ಕೊಠಡಿಯನ್ನು ಸಜ್ಜು ಮಾಡುತ್ತಿದ್ದೇವೆ. ವಾರಕ್ಕೆ ಎರಡು ಬೆಳಗ್ಗೆ ತರಬೇತಿ ಪಡೆದ ಸಹಾಯಕಿಯೊಬ್ಬರು ಇರುತ್ತಾರೆ. ಕರೆಗೆ ಮೊದಲು ಬಿಪಿ ನೋಡುತ್ತಾರೆ, ಮಾತ್ರೆಗಳ ಹೆಸರು ಬರೆದುಕೊಡುತ್ತಾರೆ, ಲ್ಯಾಬ್ ರಿಪೋರ್ಟನ್ನು ಫ್ಲ್ಯಾಶ್ ಹಾಕದೆ ಹಗಲು ಬೆಳಕಿನಲ್ಲಿ ಫೋಟೊ ತೆಗೆಯುತ್ತಾರೆ. ಧ್ವನಿ ಎರಡೂ ಕಡೆ ಕೇಳಿದ ಮೇಲೆ ಹೊರಗೆ ಬರುತ್ತಾರೆ. ರೋಗಿ ಬಯಸಿದರೆ ಮಾತ್ರ ಒಳಗಿರುತ್ತಾರೆ. ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳಿಕೊಳ್ಳಬೇಕಾದರೆ ಇದು ಬೇಕೇ ಬೇಕು. ಎದೆನೋವು, ಉಸಿರಾಟದ ತೊಂದರೆ ಎಂದು ಬಂದವರನ್ನು ಮಾತ್ರ ಟೋಕನ್‌ಗೆ ಕೂರಿಸುವುದಿಲ್ಲ, ತಕ್ಷಣ 108ಕ್ಕೆ ಕರೆ ಮಾಡುತ್ತೇವೆ.

ಬೇಕಾದ ಹಣ: ಹತ್ತು ಇಂಚಿನ ಟ್ಯಾಬ್ 16,000 ರೂ., ಸ್ಟ್ಯಾಂಡ್ ಮತ್ತು ಕಿವಿ ಮಂದವಾದವರಿಗೆ ಹೆಡ್‌ಫೋನ್ 3,500, ರೂಟರಿಗೆ ಯುಪಿಎಸ್ 2,500, ತೋಳಿಗೆ ಕಟ್ಟುವ ಬಿಪಿ ಯಂತ್ರ 3,000. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಬಿಪಿ ಹೆಚ್ಚು ತೋರಿಸುತ್ತದೆ. ಆದ್ದರಿಂದ ಎರಡು ಅಳತೆಯ ಪಟ್ಟಿ ಸೇರಿಸಿಯೇ ಈ ಲೆಕ್ಕ. ಇಂಟರ್‌ನೆಟ್ ತಿಂಗಳಿಗೆ 600ರಂತೆ ವರ್ಷಕ್ಕೆ 7,200. ಸಹಾಯಕಿಯ ಗೌರವಧನ ತಿಂಗಳಿಗೆ 3,000ದಂತೆ 36,000. ಒಟ್ಟು 68,200 ರೂ.

ಯಂತ್ರ ಕೊಡಿಸಲು ದಾನಿಗಳು ಬೇಗ ಸಿಗುತ್ತಾರೆ, ಗೌರವಧನಕ್ಕೆ ಸಿಗುವುದಿಲ್ಲ. ಆ ಕೈ ಇಲ್ಲದಿದ್ದರೆ ಟ್ಯಾಬ್ ಬೀರುವಿನಲ್ಲೇ ಉಳಿಯುತ್ತದೆ. ಒಂದು ತಿಂಗಳ 3,000 ರೂಪಾಯಿ ವಹಿಸಿಕೊಳ್ಳುವ ಹನ್ನೆರಡು ಮನೆಗಳನ್ನು ಮೊದಲು ಕೇಳುತ್ತಿದ್ದೇವೆ.

ದೇವಸ್ಥಾನದ ಕಚೇರಿಯಲ್ಲಿ ಹಣ ಕಟ್ಟಿ ರಸೀದಿ ಪಡೆಯಿರಿ. ಹಳೆಯ ಫೋನ್ ಕೊಡುವವರು ಅದಕ್ಕೆ ಸೆಕ್ಯುರಿಟಿ ಅಪ್‌ಡೇಟ್ ಇನ್ನೂ ಬರುತ್ತಿದೆಯೇ ನೋಡಿ, ನಿಮ್ಮ ಖಾತೆಗಳನ್ನೆಲ್ಲ ತೆಗೆದು, ಚಾರ್ಜರ್ ಸಮೇತ ತನ್ನಿ.