ಫೈಬರ್ ಜಾಲ: ಗೆರೆ ಎಳೆಯುವ ಮುಂಚೆ ಇದನ್ನು ಓದಿ

ಎಲ್ಲರಿಗೂ ನಮಸ್ಕಾರ. ಸೋಮವಾರದಿಂದ ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಫೈಬರ್ ಕೇಬಲ್ ದಾರಿ ಹಾಕುವ ಕೆಲಸ ಶುರು. ಅಷ್ಟರೊಳಗೆ ಡೇಟಾ ಒಂದು ಹದಕ್ಕೆ ಬರಬೇಕು.

ಶೇಪ್‌ಫೈಲ್ (ನಕ್ಷೆ ಡೇಟಾದ ಹಳೆಯ ಫೈಲ್ ನಮೂನೆ) ಕಳಿಸಬೇಡಿ. ಅದರಲ್ಲಿ ಕಾಲಂ ಹೆಸರು 10 ಅಕ್ಷರಕ್ಕೆ ತುಂಡಾಗುತ್ತದೆ, ಆಮೇಲೆ ಯಾವುದು ಏನು ಅಂತ ತಲೆ ಕೆರೆದುಕೊಳ್ಳುವವನು ನಾನು. ಕಂಬ, ಚೇಂಬರ್ (ನೆಲದಡಿಯ ಕೇಬಲ್ ಗುಂಡಿ), ಕೇಬಲ್, ರಸ್ತೆ, ಮನೆ ಎಲ್ಲವೂ ಒಂದೇ ಜಿಯೋಪ್ಯಾಕೇಜ್ ಫೈಲ್‌ನಲ್ಲಿ ಬೇರೆ ಬೇರೆ ಲೇಯರ್ (ನಕ್ಷೆಯ ಪದರ) ಆಗಿರಲಿ.

ಲೇಯರ್‌ಗಳನ್ನು ಅಕ್ಷಾಂಶ-ರೇಖಾಂಶದಲ್ಲಿ ಬಿಡಬೇಡಿ. ಬಫರ್‌ಗೆ, ಅಂದರೆ ಗೆರೆಯ ಸುತ್ತ ಇಷ್ಟು ದೂರ ಅಂತ ಗುರುತಿಸುವ ಪಟ್ಟಿಗೆ, ಮೀಟರ್ ಅಂದುಕೊಂಡು 50 ಅಂತ ಕೊಟ್ಟರೆ 50 ಡಿಗ್ರಿ ಆಗಿಬಿಡುತ್ತದೆ! ಬೆಂಗಳೂರಿಗೆ ಮೀಟರ್‌ನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43 ಉತ್ತರ ವಲಯ, ಅಂದರೆ ಕ್ಯೂಜಿಐಎಸ್‌ನಲ್ಲಿ ಆರಿಸಬೇಕಾದ ಇಪಿಎಸ್‌ಜಿ ಕೋಡ್ 32643. ಕೋಲಾರದ ತಂಡದವರೇ, ನಿಮ್ಮ ಊರು 78 ಡಿಗ್ರಿ ರೇಖಾಂಶ ದಾಟಿ 44ನೇ ವಲಯಕ್ಕೆ ಬೀಳುತ್ತದೆ. ನಿಮ್ಮದು 32644.

ಮುಖ್ಯವಾದದ್ದು ಸ್ನ್ಯಾಪಿಂಗ್, ಅಂದರೆ ಗೆರೆಗಳ ತುದಿಯನ್ನು ಒಂದಕ್ಕೊಂದು ಸರಿಯಾಗಿ ಅಂಟಿಸುವುದು. ಕಣ್ಣಿಗೆ ಕೂಡಿದಂತೆ ಕಂಡ ಗೆರೆ ಎಷ್ಟೋ ಸಲ ನಿಜಕ್ಕೂ ಕೂಡಿರುವುದಿಲ್ಲ. ಕಳೆದ ಸಲ ಅಂಗೈ ಅಗಲದ ಬಿರುಕಿನಿಂದ ಒಂದು ಬೀದಿಗೆ ದಾರಿಯೇ ಸಿಗಲಿಲ್ಲ, ಅರ್ಧ ದಿನ ಸುಮ್ನೆ ಹೋಯಿತು. ಕಳಿಸುವ ಮುಂಚೆ ಇಂಥ ತಪ್ಪು ಹುಡುಕುವ ಟೋಪಾಲಜಿ ಚೆಕರ್ ಓಡಿಸಿ. ಹಾಗಂತ ಗೆರೆಗಳು ದಾಟಿದಲ್ಲೆಲ್ಲ ಕತ್ತರಿಸಬೇಡಿ. ಫ್ಲೈಓವರ್ ಮತ್ತು ಕೆಳಗಿನ ರಸ್ತೆ ಕೂಡುವುದಿಲ್ಲ, ಅಲ್ವಾ?

ಭಾನುವಾರ ರಾತ್ರಿಯೊಳಗೆ ಫೈಲ್ ಹಾಕಿ. ಹೆಸರಲ್ಲಿ ತಾರೀಕು ಇರಲಿ, 'ಫೈನಲ್ ಫೈನಲ್ 2' ಬೇಡವೇ ಬೇಡ.