ಶವರ್ ಟ್ರೇ ಕೂರಿಸುವಾಗ ಅವಸರ ಬೇಡ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಮನೆ ಪುಟದಲ್ಲಿ ರೆಡಿಮೇಡ್ ಶವರ್ ಬಗ್ಗೆ ಬಂದ ಲೇಖನ ಓದಿದೆ. ಟ್ರೇ (ನಿಂತು ಸ್ನಾನ ಮಾಡುವ ತಳ), ಗೋಡೆಯ ಪ್ಯಾನೆಲ್, ಗಾಜಿನ ಬಾಗಿಲು ಎಲ್ಲವೂ ಕಾರ್ಖಾನೆಯಿಂದಲೇ ತಯಾರಾಗಿ ಬರುತ್ತವೆ, ಒಂದೇ ದಿನದಲ್ಲಿ ಕೂರಿಸಬಹುದು ಎಂದು ಬರೆದಿದ್ದೀರಿ. ನಾನು ಬಹಳ ವರ್ಷಗಳಿಂದ ಪ್ಲಂಬಿಂಗ್ ಕೆಲಸ ಮಾಡುತ್ತಿರುವವನು. ಈ ಶವರ್‌ಗಳು ನನಗೂ ಇಷ್ಟವೇ. ಟೈಲ್ಸ್ ಸಂದುಗಳಷ್ಟು ಕೊಳೆ ಹಿಡಿಯುವುದಿಲ್ಲ, ಒರೆಸುವುದೂ ಸುಲಭ. ಆದರೆ ಆ 'ಒಂದೇ ದಿನ' ಅನ್ನುವ ಮಾತು ಮನೆಯವರ ತಲೆಯಲ್ಲಿ ಕೂತುಬಿಟ್ಟರೆ ಕಷ್ಟ. ಅವಸರ ಮಾಡಿದರೆ ಕೆಲಸದವನು ಬಿಡುವುದು ಕಣ್ಣಿಗೆ ಕಾಣದ ಕೆಲಸವನ್ನೇ ಅಲ್ವಾ?

ಇತ್ತೀಚೆಗೆ ಒಂದು ಮನೆಗೆ ಕರೆದಿದ್ದರು. ಶವರ್ ಇದ್ದದ್ದು ಮೇಲಿನ ಮಹಡಿಯಲ್ಲಿ, ಹಳದಿ ಕಲೆ ಬಿದ್ದದ್ದು ಕೆಳಗಿನ ಕೋಣೆಯ ಸೀಲಿಂಗಿನಲ್ಲಿ. ಗೋಡೆಗೂ ಟ್ರೇಗೂ ನಡುವಿನ ಸಂದಿಗೆ ಅವರು ಮತ್ತೆ ಮತ್ತೆ ಸಿಲಿಕಾನ್ ಹಾಕಿಸಿದ್ದರು. ನಾನು ಟ್ರೇ ಮೇಲೆ ನಿಂತು ಹಿಮ್ಮಡಿ ಒತ್ತಿದೆ. ನಡುಭಾಗ ಸ್ವಲ್ಪ ತಗ್ಗಿ 'ಕಟಕ್' ಎಂದಿತು. ಎಬ್ಬಿಸಿ ನೋಡಿದರೆ ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಗಾರೆ, ನಡುವೆ ಪೂರ್ತಿ ಟೊಳ್ಳು. ಯಾರಾದರೂ ಸ್ನಾನಕ್ಕೆ ನಿಂತಾಗಲೆಲ್ಲ ಟ್ರೇ ಬಾಗುತ್ತಿತ್ತು. ಬಾಗಿ ಬಾಗಿ ನೀರು ಹೋಗುವ ತೂತಿನ ವಾಷರ್ ಸಡಿಲವಾಗಿತ್ತು, ಅದರ ಸುತ್ತ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಅಂಥ ಸೋರಿಕೆಗೆ ಮೇಲಿನಿಂದ ಎಷ್ಟು ಸಿಲಿಕಾನ್ ಹಾಕಿದರೇನು?

ಅಕ್ರಿಲಿಕ್ ಅಥವಾ ಫೈಬರ್ ಟ್ರೇ ತೆಳುವಾಗಿರುತ್ತದೆ, ಅಡಿಯಿಂದ ಆಸರೆ ಬೇಕೇ ಬೇಕು. ಗಾರೆ ಮೇಲೆ ಕೂರಿಸುವ ಟ್ರೇ ಆದರೆ ಅಡಿಯ ಪೂರ್ತಿ ಗಾರೆ ತಗುಲಬೇಕು. ಕಾಲು ಇರುವ ಟ್ರೇ ಆದರೆ ಪ್ರತಿ ಕಾಲೂ ನೆಲ ಮುಟ್ಟಿ ಬಿಗಿಯಾಗಿರಬೇಕು. ನೀರು ಹರಿಯುವ ಇಳಿಜಾರು ಟ್ರೇಯಲ್ಲೇ ಮಾಡಿರುತ್ತಾರೆ, ಅಂಚು ಮಾತ್ರ ನಾಲ್ಕೂ ಕಡೆ ಸಮಮಟ್ಟ ಇರಬೇಕು. ಇಳಿಜಾರಿಗೆಂದು ಟ್ರೇಯನ್ನೇ ಓರೆ ಮಾಡಿ ಕೂರಿಸುವವರಿದ್ದಾರೆ. ಹಾಗೆ ಮಾಡಿದರೆ ಒಂದು ಮೂಲೆಯಲ್ಲಿ ನೀರು ನಿಲ್ಲುತ್ತದೆ, ಬಾಗಿಲೂ ಸರಿಯಾಗಿ ಮುಚ್ಚುವುದಿಲ್ಲ.

ಪ್ಯಾನೆಲ್ ಹಾಕುವ ಮೊದಲೇ ನೀರು ಬಿಟ್ಟು ನೋಡಿ ಎಂದು ಎಲ್ಲರಿಗೂ ಕೇಳಿಕೊಳ್ಳುತ್ತೇನೆ. ಗೋಡೆಯೊಳಗಿನ ಪೈಪಿಗೆ ಒತ್ತಡ ಕೊಟ್ಟು ಪರೀಕ್ಷೆ ಮಾಡಿಸಿ. ಟ್ರೇ ತೂತು ಮುಚ್ಚಿ, ಅಂಚಿಗಿಂತ ಸ್ವಲ್ಪ ಕೆಳಗಿನವರೆಗೆ ನೀರು ತುಂಬಿಸಿ, ಪೆನ್ಸಿಲಿನಿಂದ ಗುರುತು ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ನೀರು ಗುರುತಿಗಿಂತ ಇಳಿದಿದೆಯೇ ನೋಡಿ. ಆಮೇಲೆ ತೂತು ತೆರೆದು ನೀರನ್ನೆಲ್ಲ ಒಟ್ಟಿಗೆ ಬಿಟ್ಟು, ಅಡಿಯ ಟ್ರ್ಯಾಪಿನ (ತೂತಿನ ಕೆಳಗೆ ಸ್ವಲ್ಪ ನೀರು ಹಿಡಿದಿಡುವ ಭಾಗ) ಜಾಯಿಂಟಿಗೆ ಒಣ ಕಾಗದ ಹಿಡಿದು ನೋಡಿ. ಒಂದು ಹನಿ ಬಿದ್ದರೂ ಕಾಗದ ಹೇಳುತ್ತದೆ. ಈ ಟ್ರ್ಯಾಪಿನಲ್ಲಿ ಸುಮಾರು 50 ಮಿಲಿಮೀಟರ್ ನೀರು ಯಾವಾಗಲೂ ನಿಂತಿರಬೇಕು, ಚರಂಡಿಯ ಕೆಟ್ಟ ವಾಸನೆ ತಡೆಯುವುದು ಅದೇ. ಕೂದಲು ಕಟ್ಟಿಕೊಂಡರೆ ಮೇಲಿನಿಂದಲೇ ಬಿಚ್ಚಿ ತೊಳೆಯುವಂಥ ಟ್ರ್ಯಾಪ್ ತೆಗೆದುಕೊಳ್ಳಿ, ಸುಮ್ನೆ ಟ್ರೇ ಎಬ್ಬಿಸುವ ಕಷ್ಟ ತಪ್ಪುತ್ತದೆ.

ಸಿಲಿಕಾನ್ ಹಾಕುವಾಗ ಟ್ರೇ ಮೇಲೆ ಭಾರ ಇರಲಿ. ಆಗ ಸಂದಿ ಪೂರ್ತಿ ತೆರೆದಿರುತ್ತದೆ, ಆಮೇಲೆ ಯಾರಾದರೂ ನಿಂತರೂ ಸಿಲಿಕಾನ್ ಕಿತ್ತು ಬರುವುದಿಲ್ಲ. ಅದು ಒಣಗುವವರೆಗೆ, ಸಾಮಾನ್ಯವಾಗಿ 24 ಗಂಟೆ, ಸ್ನಾನ ಬೇಡ. ಗಾಜಿನ ಚೌಕಟ್ಟಿಗೆ ಒಳಗೂ ಹೊರಗೂ ಸಿಲಿಕಾನ್ ಬಳಿಯುವವರನ್ನು ಕಂಡಿದ್ದೇನೆ. ಹೆಚ್ಚಿನ ಕಂಪನಿಗಳ ಸೂಚನೆಯಲ್ಲಿ ಹೊರಗಡೆ ಮಾತ್ರ ಎಂದಿರುತ್ತದೆ, ಯಾಕೆಂದರೆ ಚೌಕಟ್ಟಿನೊಳಗೆ ಹೋದ ನೀರು ಟ್ರೇಗೆ ವಾಪಸ್ ಇಳಿಯಬೇಕು.

ಅಳತೆಯೂ ಅಷ್ಟೇ. ಶವರ್ ಬಾಗಿಲಿನ ಗಟ್ಟಿ ಮಾಡಿದ (ಟಫನ್ಡ್) ಗಾಜನ್ನು ಆಮೇಲೆ ಕತ್ತರಿಸಲು ಆಗುವುದಿಲ್ಲ, ಕತ್ತರಿಸಲು ಹೋದರೆ ಪೂರ್ತಿ ಪುಡಿಯಾಗುತ್ತದೆ. ಆದ್ದರಿಂದ ಆರ್ಡರ್ ಕೊಡುವ ಮೊದಲು ಗೋಡೆಯನ್ನು ಕೆಳಗೆ, ನಡುವೆ, ಮೇಲೆ ಮೂರೂ ಕಡೆ ಅಳೆಯಿರಿ. ಇಡೀ ಶವರ್ ಒಂದೇ ತುಂಡಾಗಿ ಬರುವಂಥದ್ದಾದರೆ ಮನೆಯ ಬಾಗಿಲು, ಮೆಟ್ಟಿಲಿನ ತಿರುವು ಎಲ್ಲವನ್ನೂ ಅಳೆದುಕೊಳ್ಳಿ.

ಮನೆಯಲ್ಲಿ ವಯಸ್ಸಾದವರಿದ್ದರೆ ಇನ್ನೊಂದು ಮಾತು. ಹಿಡಿದುಕೊಳ್ಳುವ ಹಿಡಿಕೆಯನ್ನು ಬರೀ ಪ್ಯಾನೆಲ್ಲಿಗೆ ತಿರುಪು ಹಾಕಿ ನಿಲ್ಲಿಸಬೇಡಿ. ಅದು ಕಾಲು ಜಾರಿದ ಮನುಷ್ಯನ ಭಾರ ತಡೆಯುವುದಿಲ್ಲ. ಹಿಂದಿನ ಗಟ್ಟಿ ಗೋಡೆಗೇ ಅದು ಹಿಡಿಯಬೇಕು. ಗೋಡೆ ಟೊಳ್ಳಾಗಿದ್ದರೆ ಪ್ಯಾನೆಲ್ ಮುಚ್ಚುವ ಮೊದಲೇ ಒಳಗೆ ದಪ್ಪ ಮರದ ಪಟ್ಟಿ ಕೂರಿಸಬೇಕು. ಇವತ್ತು ಹಿಡಿಕೆ ಬೇಡದಿದ್ದರೂ ಪಟ್ಟಿ ಇರಲಿ, ಅದಕ್ಕೆ ಜಾಸ್ತಿ ಹೊತ್ತೇನೂ ಹಿಡಿಯುವುದಿಲ್ಲ.

ಮುಂದೆ ಇಂಥ ಲೇಖನ ಹಾಕುವಾಗ ಈ ಒಳಗಿನ ಕೆಲಸಕ್ಕೂ ಸ್ವಲ್ಪ ಜಾಗ ಕೊಡಿ. ಪ್ಯಾನೆಲ್ ಮುಚ್ಚುವ ಮೊದಲು ಪೈಪು, ಮರದ ಪಟ್ಟಿಗಳ ಪಕ್ಕ ಅಳತೆ ಟೇಪ್ ಹಿಡಿದು ಫೋಟೋ ತೆಗೆದಿಟ್ಟುಕೊಳ್ಳಿ ಎಂದೂ ಓದುಗರಿಗೆ ತಿಳಿಸಿ. ಮುಂದೆ ಗೋಡೆಗೆ ತೂತು ಕೊರೆಯಲು ಬರುವವರಿಗೆ ಎಲ್ಲಿ ಕೊರೆಯಬಾರದು ಎಂದು ಅದರಿಂದ ಗೊತ್ತಾಗುತ್ತದೆ.

— ಒಬ್ಬ ಪ್ಲಂಬರ್