ತಿಂಡಿ ಬಿಟ್ಟ ಹುಡುಗರು, ಬಿಡಿ ಸಿಗರೇಟು

ಮಾನ್ಯ ಸಂಪಾದಕರೇ,

ಹಾಸನದಲ್ಲಿ ಕಾಲೇಜು ಹುಡುಗರಿಗೆ ಮೆಸ್ ನಡೆಸಲು ಶುರು ಮಾಡಿ ಹನ್ನೊಂದು ವರ್ಷವಾಯಿತು. ಯಾವ ಹುಡುಗ ಸಿಗರೇಟು ಹಿಡಿದಿದ್ದಾನೆ ಅನ್ನುವುದು ವಾಸನೆಗಿಂತ ಮೊದಲು ತಿಂಡಿಯಲ್ಲೇ ಗೊತ್ತಾಗುತ್ತದೆ. ಎಂಟೂವರೆಗೆ ಬರುತ್ತಿದ್ದವನು ಒಂಬತ್ತೂವರೆಗೆ ಬರುತ್ತಾನೆ. ಆಮೇಲೆ ಬರುವುದೇ ಇಲ್ಲ.

ಹೋದ ವರ್ಷ ಅರಕಲಗೂಡು ಕಡೆಯ ಒಬ್ಬ ಹುಡುಗ ಹೀಗೇ ಆದ. ಅಕ್ಕಿ ರೊಟ್ಟಿ ಮಾಡಿದ ದಿನ ಐದು ತಿನ್ನುತ್ತಿದ್ದವನು. ಒಂದು ಬೆಳಿಗ್ಗೆ ಹಾಲು ತರಲು ಹೋದಾಗ ಕಾಲೇಜಿನ ಹತ್ತಿರದ ಪೆಟ್ಟಿಗೆ ಅಂಗಡಿ ಮುಂದೆ ಕಂಡ. ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದರಲ್ಲಿ ಸಿಗರೇಟು. ಕಂಬಕ್ಕೆ ದಾರ ಕಟ್ಟಿ ಲೈಟರ್ ನೇತುಹಾಕಿದ್ದರು. ನನ್ನನ್ನು ನೋಡಿದ್ದೇ ಅವನ ಕೈ ಬೆನ್ನ ಹಿಂದೆ ಹೋಯಿತು. ಬೈಯಲು ಮನಸ್ಸು ಬರಲಿಲ್ಲ. ಮಧ್ಯಾಹ್ನ ಊಟಕ್ಕೆ ಬಂದಾಗ ಅವನೇ ಹೇಳಿದ. ರಾತ್ರಿ ಎರಡರವರೆಗೆ ಮೊಬೈಲು, ಬೆಳಿಗ್ಗೆ ತಲೆ ಭಾರ, ಕ್ಲಾಸಿಗೆ ಹೊತ್ತಾಗಿರುತ್ತದೆ, ತಿಂಡಿ ಬದಲು ಟೀ ಮತ್ತು ದಮ್. “ಹಸಿವೇ ಆಗಲ್ಲ ಆಂಟಿ” ಅಂದ. ಅವರಪ್ಪ ಹೊಗೆಸೊಪ್ಪು ಬೆಳೆಯುವವರು. ಸೊಪ್ಪು ಒಣಗಿಸುವ ಬ್ಯಾರನ್ ಮುಂದೆ ರಾತ್ರಿಯೆಲ್ಲ ಬೆಂಕಿ ಕಾಯ್ತಾರೆ, ಆದರೆ ಒಂದು ಬೀಡಿ ಮುಟ್ಟಿದವರಲ್ಲವಂತೆ.

ಹಸಿವಾಗದಿರುವುದು ಸುಮ್ನೆ ಅಲ್ಲ. ನಿಕೋಟಿನ್ ಹಸಿವನ್ನು ಅಡಗಿಸುತ್ತದೆ, ನಿದ್ದೆಯನ್ನೂ ಕೆಡಿಸುತ್ತದೆ. ಇನ್ನೊಂದು ವಿಷಯ ನಮ್ಮ ಕಾಫಿ ಸೀಮೆಯವರು ತಿಳಿಯಬೇಕು. ಸಿಗರೇಟಿನ ಹೊಗೆಯಿಂದ ಲಿವರ್ ಕೆಫೀನನ್ನು ಬೇಗ ಕರಗಿಸಿಬಿಡುತ್ತದೆ. ಹಾಗಾಗಿ ಸೇದುವವರಿಗೆ ಕಾಫಿ, ಟೀ ಜಾಸ್ತಿ ಬೇಕಾಗುತ್ತದೆ. ಪ್ರತಿ ಲೋಟಕ್ಕೂ ಜೊತೆಗೊಂದು ಸಿಗರೇಟು. ಬಿಡಲು ಹೊರಟ ಹುಡುಗ ಕಾಫಿ ಮೊದಲಿನಷ್ಟೇ ಕುಡಿದರೆ ಕೆಫೀನ್ ಮೈಯಲ್ಲೇ ಉಳಿದು ನಿದ್ದೆ ಬರುವುದಿಲ್ಲ, ಎದೆ ಡವಡವ ಅನ್ನುತ್ತದೆ. ಸಿಗರೇಟು ಬಿಟ್ಟಿದ್ದಕ್ಕೇ ಹೀಗಾಯಿತು ಅಂದುಕೊಂಡು ಮತ್ತೆ ಅಂಗಡಿಗೆ ಹೋಗುತ್ತಾನೆ. ಇದನ್ನು ಅವನಿಗೆ ಯಾರಾದರೂ ಮೊದಲೇ ಹೇಳಬೇಕಲ್ವಾ?

ಕಾನೂನು ಇದೆ. 2003ರ ಕೇಂದ್ರದ ತಂಬಾಕು ಕಾಯ್ದೆಗೆ ನಮ್ಮ ರಾಜ್ಯ ತಂದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂತು. 21 ವರ್ಷ ತುಂಬದವರಿಗೆ ಮಾರುವಂತಿಲ್ಲ, ಕಾಲೇಜಿನಿಂದ 100 ಮೀಟರ್ ಒಳಗೆ ಮಾರುವಂತಿಲ್ಲ, ಬಿಡಿ ಸಿಗರೇಟಂತೂ ಎಲ್ಲಿಯೂ ಮಾರುವಂತಿಲ್ಲ. ದಂಡ 1000 ರೂಪಾಯಿವರೆಗೆ. ಈ ಬಿಡಿ ಸಿಗರೇಟೇ ನನಗೆ ದೊಡ್ಡ ಚಿಂತೆ. ಇಡೀ ಪ್ಯಾಕ್ ಕೊಳ್ಳುವಷ್ಟು ದುಡ್ಡು ಹುಡುಗರ ಜೇಬಿನಲ್ಲಿ ಇರುವುದಿಲ್ಲ, ಒಂದಕ್ಕೆ ಇದ್ದೇ ಇರುತ್ತದೆ. ಪ್ಯಾಕಿನ ಮೇಲೆ ಶೇ 85ರಷ್ಟು ಜಾಗದಲ್ಲಿ ಎಚ್ಚರಿಕೆಯ ಚಿತ್ರ ಹಾಕಿರುತ್ತಾರೆ. ಒಂದೊಂದೇ ಕೊಳ್ಳುವವನ ಕೈಗೆ ಆ ಪ್ಯಾಕೇ ಬರುವುದಿಲ್ಲ.

ನಗರಾಡಳಿತದವರು, ಪೊಲೀಸರು ಮೊದಲು ಬಿಡಿ ಮಾರಾಟ ನಿಲ್ಲಿಸಲಿ. ಹುಡುಗರನ್ನು ಹಿಡಿದು ಹೆದರಿಸುವುದು ಬೇಡ. ಕಾಲೇಜುಗಳು ಕ್ಯಾಂಟೀನನ್ನು ಬೆಳಿಗ್ಗೆ ಎಂಟಕ್ಕೇ ತೆರೆಯಲಿ. ಸಿಗರೇಟು ಬಿಡಲು ನೆರವಾಗುವ ಉಚಿತ ಸಹಾಯವಾಣಿ 1800-11-2356 ಅನ್ನು ನೋಟಿಸ್ ಬೋರ್ಡಿಗೆ, ಹಾಸ್ಟೆಲ್ ಬಾಗಿಲಿಗೆ ಅಂಟಿಸಲಿ.

ಆ ಹುಡುಗ ಈಗಲೂ ದಿನಕ್ಕೆ ಎರಡು ಸೇದುತ್ತಾನಂತೆ. ಆದರೆ ತಿಂಡಿಗೆ ಬರುತ್ತಿದ್ದಾನೆ. ನಿನ್ನೆ ಮೂರು ರೊಟ್ಟಿ ತಿಂದ.

– ಮೆಸ್ ನಡೆಸುವ ಒಬ್ಬ ತಾಯಿ, ಹಾಸನ